ಕಾಕತಾಳೀಯವೂ ಕಾರಣವೂ: ಪೆಟ್ರೋಲಿನ ಸರಾಸರಿ ಬೆಲೆಗಳ ಪರೀಕ್ಷೆಯನ್ನು ಕುರಿತು

1

ಶಾಸ್ತ್ರಗ್ರಂಥಗಳಲ್ಲಿ ಬರುವ ಸಿದ್ಧಾಂತಗಳನ್ನು ಪಂಡಿತರು ಎಚ್ಚರದಿಂದ ಪರಿಶೀಲಿಸುತ್ತಾರೆ. ಆ ಸಿದ್ಧಾಂತಗಳಿಗೆ ಕೊಡುವ ಉದಾಹರಣೆಗಳನ್ನು ಯಾರೂ ಅಷ್ಟಾಗಿ ಪರಿಶೀಲಿಸುವುದಿಲ್ಲ. ಆದರೆ ಕಲಿಯುವವನ ಮನಸ್ಸಿನಲ್ಲಿ ಕೊನೆಗೆ ಉಳಿಯುವುದು ಉದಾಹರಣೆಯೇ. ಸೂತ್ರವನ್ನು ಮರೆತವನೂ ಉದಾಹರಣೆಯ ಜಾಡನ್ನು ಹಿಡಿದು ಲೆಕ್ಕ ಮಾಡುತ್ತಾನೆ. ಆದುದರಿಂದ ಒಂದು ಪ್ರಸಿದ್ಧವಾದ ಉದಾಹರಣೆಯನ್ನೇ ಒಂದು ಕೃತಿಯೆಂದು ಭಾವಿಸಿ, ಅದರ ಗುಣದೋಷಗಳನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿರುವ ಮ್ಯಾಥ್‌ವರ್ಕ್ಸ್ ಸಂಸ್ಥೆಯವರು ಸಿದ್ಧಪಡಿಸಿದ ಮ್ಯಾಟ್‌ಲ್ಯಾಬ್ ಎಂಬ ಗಣಕ ತಂತ್ರಾಂಶವು ನಮ್ಮ ದೇಶದ ಎಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಸಂಶೋಧನಾಲಯಗಳಲ್ಲಿಯೂ ಬಳಕೆಯಲ್ಲಿದೆ. ಅದರ ಸಂಖ್ಯಾಶಾಸ್ತ್ರ ಭಾಗದ ಕೈಪಿಡಿಯಲ್ಲಿ ಪ್ರಾಕ್ಕಲ್ಪನೆಯ ಪರೀಕ್ಷೆಯನ್ನು ವಿವರಿಸಲು ಪೆಟ್ರೋಲಿನ ಬೆಲೆಯನ್ನು ಆರಿಸಿಕೊಂಡಿದ್ದಾರೆ. ಪ್ರಾಕ್ಕಲ್ಪನೆಯೆಂದರೆ ಸಾಕ್ಷ್ಯವನ್ನು ನೋಡುವ ಮೊದಲೇ ಒರೆಗೆ ಹಚ್ಚಲೆಂದು ಮುಂದಿಟ್ಟುಕೊಂಡ ಊಹೆ. ಮ್ಯಾಸಚೂಸೆಟ್ಸಿನಲ್ಲಿ ಒಂದು ಗ್ಯಾಲನ್ ಪೆಟ್ರೋಲಿನ ಸರಾಸರಿ ಬೆಲೆ 1.15 ಡಾಲರ್ ಎಂದು ಯಾರೋ ಹೇಳುತ್ತಾರೆ. ಅದು ನಿಜವೇ ಎಂಬುದು ಪ್ರಶ್ನೆ. ಉತ್ತರಕ್ಕಾಗಿ 1993ರ ಜನವರಿಯ ಒಂದು ದಿನ ರಾಜ್ಯದ 20 ಕಡೆಗಳಿಂದ ಸಂಗ್ರಹಿಸಿದ ಬೆಲೆಗಳನ್ನೂ, ಒಂದು ತಿಂಗಳ ತರುವಾಯ ಸಂಗ್ರಹಿಸಿದ ಇನ್ನು 20 ಬೆಲೆಗಳನ್ನೂ ಕೊಟ್ಟಿದ್ದಾರೆ.

ಲೆಕ್ಕದ ಫಲಿತಾಂಶಗಳು ಹೀಗಿವೆ. ಜನವರಿಯ ಸರಾಸರಿ 115.15 ಸೆಂಟು, ಫೆಬ್ರವರಿಯ ಸರಾಸರಿ 118.5 ಸೆಂಟು. ಬೆಲೆಗಳ ಮಾನಕ ವಿಚಲನೆ 4 ಸೆಂಟೆಂದು ಹಿಡಿದು ಜನವರಿಗೆ ಝಡ್-ಪರೀಕ್ಷೆ ಮಾಡಿದಾಗ ಪಿ-ಮೌಲ್ಯ 0.8668 ಬರುತ್ತದೆ, ಎಂದರೆ 1.15 ಡಾಲರ್ ಎಂಬ ಮಾತನ್ನು ತಳ್ಳಿಹಾಕಲು ಆಧಾರವಿಲ್ಲ. ಫೆಬ್ರವರಿಗೆ ಟಿ-ಪರೀಕ್ಷೆ ಮಾಡಿದಾಗ ಪಿ-ಮೌಲ್ಯ ಸುಮಾರು 0.0005; ಇಲ್ಲಿ ಆ ಮಾತು ಬಿದ್ದುಹೋಗುತ್ತದೆ. ಎರಡು ತಿಂಗಳುಗಳ ಸರಾಸರಿಗಳನ್ನು ಒಂದಕ್ಕೊಂದು ಹೋಲಿಸಿದಾಗ ಪಿ-ಮೌಲ್ಯ 0.0083, ವ್ಯತ್ಯಾಸವು 0.92 ಸೆಂಟಿಗೂ 5.78 ಸೆಂಟಿಗೂ ನಡುವೆ ಇದ್ದೀತೆಂದು ತೀರ್ಮಾನ.

ಉದಾಹರಣೆ ಅಚ್ಚುಕಟ್ಟಾಗಿದೆ. ಅದನ್ನು ಅನುಸರಿಸಿ ಮುಂಬಯಿ, ದೆಹಲಿ, ಬೆಂಗಳೂರುಗಳ ಬೆಲೆಗಳನ್ನು ಹೋಲಿಸುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳಿಗೆ ಕೊಡುವುದೂ ಬಹಳ ಸುಲಭ. ಆ ಸುಲಭತೆಯಲ್ಲಿಯೇ ಅಪಾಯವಿದೆ ಎಂಬುದು ನನ್ನ ವಾದ.

2

ಪರೀಕ್ಷೆಯ ತಾತ್ಪರ್ಯವನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಲೌಕಿಕ ನ್ಯಾಯಗಳಲ್ಲಿ ಎರಡು ಇಲ್ಲಿ ನೆರವಿಗೆ ಬರುತ್ತವೆ. ಒಂದು, ಸ್ಥಾಲೀಪುಲಾಕ ನ್ಯಾಯ. ಪಾತ್ರೆಯಲ್ಲಿನ ಅನ್ನ ಬೆಂದಿದೆಯೇ ಎಂದು ತಿಳಿಯಲು ಗೃಹಿಣಿ ಇಡೀ ಪಾತ್ರೆಯನ್ನು ಬರಿದು ಮಾಡುವುದಿಲ್ಲ. ಒಂದೆರಡು ಅಗುಳನ್ನು ಹಿಚುಕಿ ನೋಡುತ್ತಾಳೆ. ಸಂಖ್ಯಾಶಾಸ್ತ್ರವು ಪಾತ್ರೆಯನ್ನು ಸಮಷ್ಟಿಯೆಂದೂ ಅಗುಳನ್ನು ಪ್ರತಿಚಯವೆಂದೂ ಕರೆಯುತ್ತದೆ. ಎರಡನೆಯದು, ಕಾಕತಾಳೀಯ ನ್ಯಾಯ. ಕಾಗೆ ಬಂದು ಕೂಡುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಯಿತು. ನೋಡಿದವನು ಕಾಗೆಯೇ ಹಣ್ಣನ್ನು ಬೀಳಿಸಿತೆಂದ. ಕಂಡ ಹೊಂದಿಕೆ ಬರಿಯ ಆಕಸ್ಮಿಕವೋ ಅಥವಾ ಅದರ ಹಿಂದೆ ಕಾರಣವೊಂದು ಇದೆಯೋ ಎಂಬ ಸಂಶಯವೇ ಈ ನ್ಯಾಯದ ಜೀವಾಳ. ಶೂನ್ಯ ಪ್ರಾಕ್ಕಲ್ಪನೆಯೆಂಬುದು ಮತ್ತೇನೂ ಅಲ್ಲ: ಕಂಡ ವ್ಯತ್ಯಾಸವೆಲ್ಲ ಕಾಕತಾಳೀಯ ಎಂದು ಮೊದಲು ಒಪ್ಪಿಕೊಂಡು ಹೊರಡುವುದು. ಹಾಗೆ ಒಪ್ಪಿಕೊಂಡ ಪಕ್ಷದಲ್ಲಿ, ನಮಗೆ ಕಂಡಷ್ಟು ಅಥವಾ ಅದಕ್ಕೂ ಮಿಗಿಲಾದ ವ್ಯತ್ಯಾಸ ತಾನಾಗಿಯೇ ಒದಗುವ ಸಂಭವ ಎಷ್ಟು ಎಂಬುದನ್ನು ಪಿ-ಮೌಲ್ಯ ಹೇಳುತ್ತದೆ. ಸಂಭವ ತೀರ ಕಡಿಮೆಯಾದರೆ ಕಾಕತಾಳೀಯವೆಂಬ ವಿವರಣೆಯನ್ನು ಬಿಟ್ಟುಕೊಡುತ್ತೇವೆ.

ಈ ವಿಚಾರವನ್ನು ಶಾಸ್ತ್ರಕ್ಕೆ ಅಳವಡಿಸಿದವರ ಹಿನ್ನೆಲೆಯನ್ನು ಗಮನಿಸತಕ್ಕದ್ದು. ಟಿ-ಪರೀಕ್ಷೆಗೆ ಮೂಲವಾದ ಲೇಖನವನ್ನು 1908ರಲ್ಲಿ ‘ಬಯೋಮೆಟ್ರಿಕಾ’ ಪತ್ರಿಕೆಯಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಪ್ರಕಟಿಸಿದ ವಿಲಿಯಂ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ನೌಕರನಾಗಿದ್ದವನು. ಜವೆಗೋಧಿಯೂ ಹಾಪ್ಸ್ ಹೂವೂ ಒಂದು ಕಂತೆಯಲ್ಲಿದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ. ಕೈಗೆ ಸಿಗುವ ಮಾದರಿಗಳೋ ಬೆರಳೆಣಿಕೆಯಷ್ಟು. ಆ ಕೆಲವೇ ಮಾದರಿಗಳಿಂದ ಎಷ್ಟು ದೂರ ನಂಬಬಹುದು ಎಂಬ ವ್ಯಾವಹಾರಿಕ ಸಂಕಟದಿಂದ ಟಿ-ಪರೀಕ್ಷೆ ಹುಟ್ಟಿತು. ಮುಂದೆ ರೊನಾಲ್ಡ್ ಫಿಷರ್ 1925ರ ತನ್ನ ಗ್ರಂಥದಲ್ಲಿ ಈ ಪರೀಕ್ಷೆಗಳನ್ನು ವ್ಯಾಪಕವಾಗಿ ಬಳಕೆಗೆ ತಂದ. ನೂರರಲ್ಲಿ ಐದು ಎಂಬ ಎಲ್ಲೆ ಅನುಕೂಲಕ್ಕಾಗಿ ಆತ ಸೂಚಿಸಿದ್ದು. ಅವನ ಬೇಸಾಯದ ಪ್ರಯೋಗಗಳಲ್ಲಿ ಯಾವ ಗೊಬ್ಬರ ಯಾವ ಪಾತಿಗೆ ಎಂಬುದನ್ನು ಚೀಟಿಯೆತ್ತಿದಂತೆ ಆಕಸ್ಮಿಕಕ್ಕೆ ಬಿಡುತ್ತಿದ್ದರು. 1933ರಲ್ಲಿ ನೇಮನ್ ಮತ್ತು ಈಗನ್ ಪಿಯರ್‌ಸನ್ ಎರಡು ಬಗೆಯ ತಪ್ಪುಗಳನ್ನು ತೂಗಿ ನೋಡುವ ವಿಧಾನವನ್ನು ಕೊಟ್ಟರು. ಬ್ಯಾಂಕಿನವರಿಗೆ ಈ ಎರಡೂ ತಪ್ಪುಗಳು ಪರಿಚಿತವಾದವುಗಳೇ: ತೀರಿಸಲಾರದವನಿಗೆ ಸಾಲ ಕೊಡುವುದು ಒಂದು, ತೀರಿಸಬಲ್ಲವನನ್ನು ಹಿಂದಕ್ಕೆ ಕಳುಹಿಸುವುದು ಇನ್ನೊಂದು.

ಇವರೆಲ್ಲರಲ್ಲಿಯೂ ಒಂದು ಅಂಶ ಸಮಾನವಾಗಿದೆ. ಅವರ ಮುಂದಿದ್ದ ಅಂಕಿಗಳಲ್ಲಿ ಆಕಸ್ಮಿಕವು ನಿಜವಾಗಿ ಕೆಲಸ ಮಾಡುತ್ತಿತ್ತು. ಒಂದೋ ಪ್ರಕೃತಿ ಅದನ್ನು ತಂದಿಟ್ಟಿತ್ತು. ಇಲ್ಲವೇ ಪ್ರಯೋಗಕಾರನೇ ಬುದ್ಧಿಪೂರ್ವಕವಾಗಿ ತಂದಿದ್ದ. ಅಗುಳನ್ನು ಹಿಚುಕಿ ನೋಡುವ ನ್ಯಾಯವೂ ಪಾತ್ರೆಯನ್ನು ಒಮ್ಮೆ ಕಲಕಿದ ಮೇಲೆ ಮಾತ್ರ ಸಲ್ಲುತ್ತದೆ.

3

ಈಗ ಮ್ಯಾಸಚೂಸೆಟ್ಸಿನ ಉದಾಹರಣೆಗೆ ಬರೋಣ. ಅದರ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಪ್ರಶ್ನೆ ಸಾಮಾನ್ಯ ಮನುಷ್ಯನ ಪ್ರಶ್ನೆ. ಆರಿಸಿಕೊಂಡ ಸರಕಿನ ಬೆಲೆ ಅಲ್ಲಿ ಬಂಕಿನಿಂದ ಬಂಕಿಗೆ ನಿಜವಾಗಿಯೂ ವ್ಯತ್ಯಾಸವಾಗುತ್ತದೆ, ಏಕೆಂದರೆ ಅಮೆರಿಕದಲ್ಲಿ ಚಿಲ್ಲರೆ ಮಾರುವವನು ತನ್ನ ಬೆಲೆಯನ್ನು ತಾನೇ ಗೊತ್ತುಮಾಡುತ್ತಾನೆ. ಒಂದೇ ರಸ್ತೆಯ ಎದುರು ಬದುರು ಬಂಕುಗಳಲ್ಲಿ ಬೇರೆ ಬೇರೆ ಬೆಲೆ ಇರುವುದುಂಟು. ಆದುದರಿಂದ 20 ಬಂಕುಗಳನ್ನು ಆಕಸ್ಮಿಕವಾಗಿ ಆರಿಸಿದರೆ ಆ 20 ಬೆಲೆಗಳು ಸ್ಥಾಲೀಪುಲಾಕದಂತೆ ಇಡೀ ರಾಜ್ಯದ ಬೆಲೆಗಳ ಕುರುಹಾಗಬಲ್ಲವು. ಇದಲ್ಲದೆ ಬರಿಯ ಹೌದು-ಅಲ್ಲಗಳಲ್ಲಿ ನಿಲ್ಲದೆ, ಸರಾಸರಿ ಎಲ್ಲಿಂದ ಎಲ್ಲಿಯವರೆಗೆ ಇದ್ದೀತೆಂಬ ಎಲ್ಲೆಗಳನ್ನೂ ಕೊಟ್ಟಿರುವುದು ಉದಾಹರಣೆಯ ದೊಡ್ಡ ಗುಣ. ಆದರೆ ಓದುಗನು ಎಡವಬಹುದಾದ ಸ್ಥಳಗಳೂ ಅಲ್ಲಿಯೇ ಇವೆ.

ಮೊದಲನೆಯದು, ಜನವರಿಯ ತೀರ್ಮಾನ. 1.15 ಡಾಲರ್ ಎಂಬ ಮಾತು ಬೀಳಲಿಲ್ಲ. ಆದುದರಿಂದ ಅದು ನಿಂತಿತು ಎಂದು ತಿಳಿಯುವುದು ಸಹಜ. ಆದರೆ ಅದೇ 20 ಬೆಲೆಗಳನ್ನು ಇಟ್ಟುಕೊಂಡು 1.16 ಡಾಲರ್ ಎಂಬ ಪ್ರಾಕ್ಕಲ್ಪನೆಯನ್ನು ಪರೀಕ್ಷಿಸಿದರೆ ಪಿ-ಮೌಲ್ಯ ಸುಮಾರು 0.34 ಬರುತ್ತದೆ, 1.14 ಡಾಲರನ್ನು ಪರೀಕ್ಷಿಸಿದರೆ ಸುಮಾರು 0.20. ಎಂದಮೇಲೆ ಈ ಮೂರು ಮಾತುಗಳಲ್ಲಿ ಒಂದೂ ಬೀಳುವುದಿಲ್ಲ. ಮೂವರು ಮೂರು ಬೆಲೆ ಹೇಳಿದರೆ ಮೂವರೂ ಸತ್ಯವಂತರಾಗಿ ಹೊರಬರುವ ನ್ಯಾಯಸ್ಥಾನ ಅದು! ಸಾಕ್ಷ್ಯ ಸಾಲದೆ ಬಿಡುಗಡೆಯಾದವನು ನಿರಪರಾಧಿಯೆಂದು ಸಿದ್ಧವಾದಂತಲ್ಲ. ಕೈಪಿಡಿ ಕೊಡುವ 1.134ರಿಂದ 1.169 ಡಾಲರ್‌ವರೆಗಿನ ಎಲ್ಲೆಯೇ ಇಲ್ಲಿ ನಿಜವಾದ ಉತ್ತರ, ಪಿ-ಮೌಲ್ಯವಲ್ಲ.

ಎರಡನೆಯದು, ಸರಾಸರಿ ಎಂಬ ಮಾತಿನ ಅರ್ಥ. ಇಲ್ಲಿ ದೊರೆತಿರುವುದು ಬಂಕುಗಳ ಸರಾಸರಿ. ದಿನಕ್ಕೆ ಸಾವಿರಾರು ಗ್ಯಾಲನ್ ಮಾರುವ ಹೆದ್ದಾರಿಯ ಬಂಕಿಗೂ, ಹಳ್ಳಿಯ ಮೂಲೆಯಲ್ಲಿ ಅಷ್ಟಿಷ್ಟು ಮಾರುವ ಬಂಕಿಗೂ ಇದರಲ್ಲಿ ಒಂದೇ ತೂಕ. ಆದರೆ ಜನ ಕೊಟ್ಟ ಹಣದ ಸರಾಸರಿ ಬೇಕೆಂದರೆ ಮಾರಾಟದ ಪ್ರಮಾಣಕ್ಕೆ ತಕ್ಕಂತೆ ತೂಕ ಹಾಕಬೇಕು. ಹೆಚ್ಚು ಮಾರುವ ಬಂಕು ಸಾಮಾನ್ಯವಾಗಿ ಕಡಿಮೆ ಬೆಲೆಯದಾಗಿದ್ದರೆ ಈ ಎರಡು ಸರಾಸರಿಗಳು ಒಂದೇ ಆಗಲಾರವು. ಸೂತ್ರ ಎಷ್ಟು ನಿಷ್ಕೃಷ್ಟವಾದರೂ ಯಾರ ಸರಾಸರಿ ಎಂಬ ಪ್ರಶ್ನೆಗೆ ಅದು ಉತ್ತರ ಕೊಡಲಾರದು.

ಮೂರನೆಯದು, ಎರಡು ತಿಂಗಳುಗಳ ಹೋಲಿಕೆ. 3.35 ಸೆಂಟುಗಳ ವ್ಯತ್ಯಾಸ ಕಾಕತಾಳೀಯವಲ್ಲ ಎಂದು ಪರೀಕ್ಷೆ ಹೇಳಿತು. ಒಳ್ಳೆಯದು. ಆದರೆ ಅದು ಹೇಳಿದ್ದು ಆ ಎರಡು ದಿನಗಳಂದು ರಾಜ್ಯದಲ್ಲಿದ್ದ ಬೆಲೆಗಳ ಮಾತು. ಫೆಬ್ರವರಿಯಲ್ಲಿ ಪೆಟ್ರೋಲು ಜನವರಿಗಿಂತ ತುಟ್ಟಿ ಎಂಬ ಸಾಮಾನ್ಯ ವಿಧಿಯನ್ನು ಅದು ಸ್ಥಾಪಿಸಲಿಲ್ಲ. ತಿಂಗಳುಗಳನ್ನು ಕುರಿತು ಮಾತನಾಡುವುದಾದರೆ ನಮ್ಮ ಕೈಯಲ್ಲಿರುವ ಪ್ರತಿಚಯದ ಗಾತ್ರ ನಲವತ್ತಲ್ಲ, ಎರಡು ಮಾತ್ರ. ಒಂದೇ ಮನೆಯ ಇಪ್ಪತ್ತು ಮಂದಿಯನ್ನು ಕೇಳಿ ಊರಿನ ಅಭಿಪ್ರಾಯವನ್ನು ತಿಳಿದೆವೆನ್ನುವುದಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ವ್ಯತ್ಯಾಸವಿದೆ ಎಂಬುದು ಬೇರೆ, ಅದು ಲೆಕ್ಕಕ್ಕೆ ಬರುವಂಥದು ಎಂಬುದು ಬೇರೆ. ಹನ್ನೆರಡು ಗ್ಯಾಲನ್ ಹಿಡಿಯುವ ಕಾರಿನ ಟ್ಯಾಂಕಿಗೆ ಕೆಳಗಿನ ಎಲ್ಲೆಯಂತೆ 11 ಸೆಂಟು ಹೆಚ್ಚಾಗುತ್ತದೆ; ಮೇಲಿನ ಎಲ್ಲೆಯಂತೆ 69 ಸೆಂಟು. ಮೊದಲನೆಯದನ್ನು ಯಾರೂ ಗಮನಿಸಲಾರರು. ಎರಡನೆಯದನ್ನು ಲಾರಿಗಳನ್ನು ಇಟ್ಟುಕೊಂಡವನು ಗಮನಿಸದೆ ಇರಲಾರ. ಇವೆರಡರಲ್ಲಿ ಯಾವುದು ಎಂಬುದನ್ನು 0.0083 ಎಂಬ ಅಂಕಿ ತಿಳಿಸುವುದಿಲ್ಲ. ಅಮೆರಿಕದ ಸಂಖ್ಯಾಶಾಸ್ತ್ರ ಸಂಘವೇ 2016ರಲ್ಲಿ ಒಂದು ಹೇಳಿಕೆಯನ್ನು ಹೊರಡಿಸಿ, ಪಿ-ಮೌಲ್ಯವು ಪರಿಣಾಮದ ಗಾತ್ರವನ್ನಾಗಲಿ ಮಹತ್ವವನ್ನಾಗಲಿ ಅಳೆಯುವ ಸಾಧನವಲ್ಲವೆಂದು ಸ್ಪಷ್ಟಪಡಿಸಬೇಕಾಗಿ ಬಂದಿತು. ಶತಮಾನದಷ್ಟು ಹಳೆಯ ಸಾಧನದ ವಿಷಯದಲ್ಲಿ ಇಂಥ ಎಚ್ಚರಿಕೆ ಅಗತ್ಯವಾಯಿತೆಂದರೆ ತಪ್ಪು ಎಷ್ಟು ಆಳವಾಗಿ ಬೇರುಬಿಟ್ಟಿದೆಯೆಂಬುದು ತಿಳಿಯುತ್ತದೆ.

4

ಇಷ್ಟಾದರೂ ಆ ಉದಾಹರಣೆ ತನ್ನ ನೆಲದಲ್ಲಿ ನಿಲ್ಲುತ್ತದೆ. ಅದೇ ವರ್ಷ ಅದೇ ರಾಜ್ಯದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಅದರ ಮೇರೆ ಎಲ್ಲಿದೆಯೆಂಬುದು ಗೋಚರಿಸುತ್ತದೆ. 1993ರ ಅಕ್ಟೋಬರ್ 1ರಿಂದ ಅಮೆರಿಕದ ಕೇಂದ್ರ ಸರ್ಕಾರವು ಪೆಟ್ರೋಲಿನ ಮೇಲಿನ ತೆರಿಗೆಯನ್ನು ಗ್ಯಾಲನ್ನಿಗೆ 14.1 ಸೆಂಟಿನಿಂದ 18.4 ಸೆಂಟಿಗೆ ಏರಿಸಿತು. ಏರಿಕೆ 4.3 ಸೆಂಟು; ಜನವರಿ-ಫೆಬ್ರವರಿಗಳ ಅಂತರಕ್ಕಿಂತ ದೊಡ್ಡದು. ತೆರಿಗೆ ಏರಿದೆಯೇ ಎಂಬುದನ್ನು ತಿಳಿಯಲು 20 ಬಂಕುಗಳಿಗೆ ಹೋಗಿ ಪರೀಕ್ಷೆ ಮಾಡುವವನನ್ನು ನೋಡಿ ನಾವು ನಗುತ್ತೇವೆ. ಕಾನೂನಿನ ಪುಸ್ತಕವನ್ನು ತೆರೆದರೆ ಸಾಕು. ತೆರಿಗೆಯ ಭಾರದಲ್ಲಿ ಎಷ್ಟು ಪಾಲು ಗಿರಾಕಿಯ ಮೇಲೆ ಬಿತ್ತು, ಎಷ್ಟನ್ನು ಬಂಕಿನವನು ತಾನೇ ಹೊತ್ತುಕೊಂಡ ಎಂಬ ಪ್ರಶ್ನೆಗಾದರೋ ಪರೀಕ್ಷೆ ಬೇಕು. ಬೆಲೆಯಲ್ಲಿ ಕಾನೂನಿನ ಭಾಗ ಒಂದು, ಮಾರುಕಟ್ಟೆಯ ಭಾಗ ಒಂದು. ಪರೀಕ್ಷೆಯ ಅಧಿಕಾರ ಎರಡನೆಯದರ ಮೇಲೆ ಮಾತ್ರ.

ಈ ವಿವೇಕವನ್ನು ಕೈಯಲ್ಲಿ ಹಿಡಿದು ನಮ್ಮ ದೇಶಕ್ಕೆ ಬರಬೇಕು. ಇಲ್ಲಿ ಪೆಟ್ರೋಲಿನ ಬೆಲೆ ಬಹುಕಾಲ ಸರ್ಕಾರವೇ ಗೊತ್ತುಮಾಡಿದ ಬೆಲೆಯಾಗಿತ್ತು. 2010ರ ಜೂನ್‌ನಲ್ಲಿ ಪೆಟ್ರೋಲಿನ ಮೇಲಿನ, 2014ರ ಅಕ್ಟೋಬರ್‌ನಲ್ಲಿ ಡೀಸೆಲಿನ ಮೇಲಿನ ನಿಯಂತ್ರಣ ತೆಗೆಯಲ್ಪಟ್ಟಿತು. 2017ರ ಜೂನ್ 16ರಿಂದ ದೇಶದಾದ್ಯಂತ ದಿನವಹಿ ಬೆಲೆ ಪರಿಷ್ಕರಣೆಯ ಪದ್ಧತಿ ಬಂದಿತು. ಆದರೂ ಸರ್ಕಾರಿ ಒಡೆತನದ ಮೂರು ತೈಲ ಕಂಪನಿಗಳ ಬಂಕುಗಳಲ್ಲಿ ಬೆಲೆಯನ್ನು ಗೊತ್ತುಮಾಡುವವರು ಕಂಪನಿಯವರೇ ಹೊರತು ಬಂಕಿನ ಮಾಲೀಕನಲ್ಲ. ಒಂದು ನಗರದೊಳಗೆ ಈ ಬಂಕುಗಳ ಬೆಲೆಗಳಲ್ಲಿ ಇರುವ ವ್ಯತ್ಯಾಸ ಪೈಸೆಗಳ ಮಾತು. ಹೀಗಿರುವಲ್ಲಿ ಮುಂಬಯಿಯ 20 ಬಂಕುಗಳನ್ನು ಸುತ್ತಿ ಬೆಲೆ ಬರೆದುಕೊಂಡು ಬಂದವನು 20 ಬೆಲೆಗಳನ್ನು ತಂದಂತಾಗಲಿಲ್ಲ. ಒಂದೇ ಬೆಲೆಯನ್ನು 20 ಸಲ ಬರೆದುಕೊಂಡು ಬಂದಂತಾಯಿತು.

ಬಂಕುಗಳ ಬದಲು ದಿನಗಳನ್ನು ಪ್ರತಿಚಯವಾಗಿ ತೆಗೆದುಕೊಳ್ಳಬಹುದಲ್ಲವೇ ಎಂದು ಕೆಲವರು ಕೇಳಬಹುದು. ಇಂದಿನ ಬೆಲೆ ನಿನ್ನೆಯ ಬೆಲೆಯ ಮೇಲೆ ನಿಂತಿರುತ್ತದೆ. ಎರಡು ನಗರಗಳ ಬೆಲೆಗಳು ಒಂದೇ ಅಂತರರಾಷ್ಟ್ರೀಯ ಬೆಲೆಯನ್ನು ಅನುಸರಿಸಿ ಜೊತೆಯಾಗಿ ಏರಿಳಿಯುತ್ತವೆ. ಪರಸ್ಪರ ಸ್ವತಂತ್ರವಾದ ಮಾದರಿಗಳೆಂಬ ಕಟ್ಟಳೆ ಇಲ್ಲಿಯೇ ಮುರಿಯಿತು. ಬೆಲೆ ಬದಲಾಗದೆ ನಿಂತ ಕಾಲವನ್ನು ತೆಗೆದುಕೊಂಡರಂತೂ ವಿಚಿತ್ರವೇ ನಡೆಯುತ್ತದೆ. 2022ರ ಜುಲೈ 15ರಿಂದ 2024ರ ಮಾರ್ಚ್ 14ರವರೆಗೆ ಪೆಟ್ರೋಲಿನ ಬೆಲೆ ಲೀಟರಿಗೆ ದೆಹಲಿಯಲ್ಲಿ 96.72 ರೂಪಾಯಿಯಲ್ಲಿಯೂ ಮುಂಬಯಿಯಲ್ಲಿ 106.31 ರೂಪಾಯಿಯಲ್ಲಿಯೂ ನಿಂತಿತ್ತು. ಒಟ್ಟು 609 ದಿನಗಳು. ಎರಡೂ ಕಡೆ ಮಾನಕ ವಿಚಲನೆ ಸೊನ್ನೆ. ಟಿ-ಪರೀಕ್ಷೆಯ ಸೂತ್ರದಲ್ಲಿ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಗಣಕಯಂತ್ರ ಕೈಚೆಲ್ಲುತ್ತದೆ. ಯಂತ್ರ ಕೈಚೆಲ್ಲಿದ್ದು ಅದರ ದೋಷದಿಂದಲ್ಲ. 609 ದಿನಗಳೆಂದು ನಾವು ಎಣಿಸಿದ್ದು ನಿಜವಾಗಿ ಒಂದೇ ನಿರ್ಧಾರ. 9.59 ರೂಪಾಯಿಗಳ ಆ ಅಂತರ ಆಕಸ್ಮಿಕವಿರಬಹುದೆಂದು ಯಾರೂ ಶಂಕಿಸಿರಲೂ ಇಲ್ಲ.

5

ಸೊನ್ನೆಯಿಂದ ಭಾಗಿಸುವ ಪ್ರಸಂಗ ಬಂದರೆ ತಪ್ಪು ತಾನಾಗಿಯೇ ಬಯಲಾಗುತ್ತದೆ. ಅಪಾಯವಿರುವುದು ಯಂತ್ರ ಸುಗಮವಾಗಿ ಉತ್ತರ ಕೊಟ್ಟುಬಿಡುವ ಕಡೆ. ಅಂಥದೊಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ.

2024ರ ಮಾರ್ಚ್ 15ರಂದು ತೈಲ ಕಂಪನಿಗಳು ಪೆಟ್ರೋಲಿನ ಬೆಲೆಯನ್ನು ಇಳಿಸಿದವು. ನಾಲ್ಕು ಮಹಾನಗರಗಳಲ್ಲಿ ಲೀಟರಿನ ಬೆಲೆ ರೂಪಾಯಿಗಳಲ್ಲಿ ಹೀಗೆ ಬದಲಾಯಿತು:

ದೆಹಲಿ: 96.72ರಿಂದ 94.72ಕ್ಕೆ, ಇಳಿಕೆ 2.00
ಮುಂಬಯಿ: 106.31ರಿಂದ 104.21ಕ್ಕೆ, ಇಳಿಕೆ 2.10
ಕೋಲ್ಕತ: 106.03ರಿಂದ 103.94ಕ್ಕೆ; ಇಳಿಕೆ 2.09
ಚೆನ್ನೈ: 102.63ರಿಂದ 100.75ಕ್ಕೆ, ಇಳಿಕೆ 1.88

ಮ್ಯಾಸಚೂಸೆಟ್ಸಿನ ಜಾಡನ್ನು ಹಿಡಿದ ವಿದ್ಯಾರ್ಥಿ ಇಲ್ಲಿ ಸಂತೋಷದಿಂದ ಲೆಕ್ಕಕ್ಕೆ ಕುಳಿತುಕೊಳ್ಳುತ್ತಾನೆ. ಇಳಿಕೆಗಳ ಸರಾಸರಿ 2.0175 ರೂಪಾಯಿ, ಮಾನಕ ವಿಚಲನೆ ಸುಮಾರು 0.102, ಇಳಿಕೆಯೇ ಆಗಿಲ್ಲವೆಂಬ ಶೂನ್ಯ ಪ್ರಾಕ್ಕಲ್ಪನೆಗೆ ಎದುರಾಗಿ ಟಿ ಸುಮಾರು 39.5 ಬರುತ್ತದೆ. ನಾಲ್ಕೇ ಅಂಕಿಗಳಿದ್ದರೂ ಪಿ-ಮೌಲ್ಯ ಲಕ್ಷಕ್ಕೆ ನಾಲ್ಕಕ್ಕಿಂತ ಕಡಿಮೆ. ನೂರಕ್ಕೆ ತೊಂಬತ್ತೈದರ ಭರವಸೆಯ ಎಲ್ಲೆ 1.86ರಿಂದ 2.18 ರೂಪಾಯಿ. ಸೂತ್ರದಲ್ಲಿ ಒಂದು ತಪ್ಪೂ ಇಲ್ಲ. ವರದಿಯಲ್ಲಿ ಬರೆದರೆ ಶೋಭಿಸುವ ಅಂಕಿಗಳೇ ಇವು.

ಆದರೆ ನಾಲ್ಕು ಇಳಿಕೆಗಳೂ ಒಂದೇ ಆಗಿಲ್ಲವೇಕೆ? ಪರೀಕ್ಷೆಯ ಕಣ್ಣಿಗೆ ಇದು ಆಕಸ್ಮಿಕವಾದ ಏರುಪೇರು. ಅದನ್ನೇ ಅಳತೆಗೋಲಾಗಿ ಮಾಡಿಕೊಂಡು ಅದು 39.5 ಎಂದಿತು. ಆದರೆ ಮಾರಾಟ ತೆರಿಗೆಯ ದರಗಳನ್ನು ಪಕ್ಕದಲ್ಲಿಟ್ಟು ನೋಡೋಣ. ಆ ಸಮಯದಲ್ಲಿ ಪೆಟ್ರೋಲಿನ ಮೇಲೆ ದೆಹಲಿಯಲ್ಲಿ ಶೇಕಡಾ 19.4, ಮುಂಬಯಿಯಲ್ಲಿ ಶೇಕಡಾ 26, ಕೋಲ್ಕತದಲ್ಲಿ ಶೇಕಡಾ 25, ಚೆನ್ನೈಯಲ್ಲಿ ಶೇಕಡಾ 13 ತೆರಿಗೆಯಿತ್ತು. ಮುಂಬಯಿ ಮತ್ತು ಚೆನ್ನೈಗಳಲ್ಲಿ ಇದರ ಮೇಲೆ ಲೀಟರಿಗೆ ಇಷ್ಟೆಂದು ಗೊತ್ತಾದ ತೆರಿಗೆಯೂ ಉಂಟು. ಅದು ಬೆಲೆಯೊಡನೆ ಇಳಿಯತಕ್ಕದ್ದಲ್ಲ. ಶೇಕಡಾವಾರು ತೆರಿಗೆಯಾದರೋ ಮೂಲಬೆಲೆ ಇಳಿದಷ್ಟೂ ತಾನೂ ಇಳಿಯುತ್ತದೆ. ಆದುದರಿಂದ ಪ್ರತಿಯೊಂದು ನಗರದ ಇಳಿಕೆಯಿಂದ ಅಲ್ಲಿಯ ತೆರಿಗೆಯ ಅಂಶವನ್ನು ಕಳೆದರೆ ಕಂಪನಿಗಳು ಮೂಲಬೆಲೆಯಲ್ಲಿ ಇಳಿಸಿದ್ದೆಷ್ಟು ಎಂಬುದು ಹೊರಬೀಳಬೇಕು. ದೆಹಲಿಯ 2.00 ರೂಪಾಯಿಯನ್ನು 1.194ರಿಂದ ಭಾಗಿಸಿದರೆ 1.675, ಮುಂಬಯಿಯ 2.10ನ್ನು 1.26ರಿಂದ ಭಾಗಿಸಿದರೆ 1.667, ಕೋಲ್ಕತದ 2.09ನ್ನು 1.25ರಿಂದ ಭಾಗಿಸಿದರೆ 1.672, ಚೆನ್ನೈಯ 1.88ನ್ನು 1.13ರಿಂದ ಭಾಗಿಸಿದರೆ 1.664.

ನಾಲ್ಕು ನಗರಗಳ ನಡುವೆ 22 ಪೈಸೆಯಷ್ಟಿದ್ದ ಏರುಪೇರು ಒಂದು ಪೈಸೆಗೆ ಇಳಿಯಿತು. ಉಳಿದ ಆ ಒಂದು ಪೈಸೆ ದಶಮಾಂಶಗಳನ್ನು ಪೂರ್ಣಗೊಳಿಸುವಾಗ ಬಂದದ್ದೆಂದು ತಿಳಿಯಲು ಅಡ್ಡಿಯಿಲ್ಲ. ಮೂಲಬೆಲೆಯಲ್ಲಿ ಸುಮಾರು 1.67 ರೂಪಾಯಿಯ ಒಂದೇ ಇಳಿಕೆ ಆಯಿತು. ನಾಲ್ಕು ಶಾಸನಸಭೆಗಳ ತೆರಿಗೆಯ ದರಗಳು ಅದನ್ನು ನಾಲ್ಕಾಗಿ ತೋರಿಸಿದವು. ಇಲ್ಲಿ ಆಕಸ್ಮಿಕಕ್ಕೆ ಕಾಲೂರಲು ಸ್ಥಳವೇ ಇಲ್ಲ. ಪರೀಕ್ಷೆಯು ಯಾವುದನ್ನು ಕಾಕತಾಳೀಯವೆಂದು ಭಾವಿಸಿ ಅಳತೆಗೋಲಾಗಿ ಹಿಡಿದಿತ್ತೋ ಅದೇ ಸಾಕ್ಷಾತ್ ಕಾರಣವಾಗಿತ್ತು.

ಈ ಸಣ್ಣ ಲೆಕ್ಕದಿಂದ ಹೊರಡುವ ಪಾಠ ಸಣ್ಣದಲ್ಲ. ಟಿ-ಪರೀಕ್ಷೆ ಮಾಡಿದ ವಿದ್ಯಾರ್ಥಿಗೆ ದೊರೆತ ಜ್ಞಾನ, ಬೆಲೆ ಇಳಿಯಿತೆಂಬುದು. ಅದನ್ನು ಬಂಕಿನ ಫಲಕವೇ ಹೇಳಿತ್ತು. ತೆರಿಗೆಯ ದರದಿಂದ ಭಾಗಿಸಿದವನಿಗೆ ದೊರೆತದ್ದು ಬೆಲೆಯ ಕಟ್ಟಡದ ಒಳಗಿನ ತೊಲೆಗಳ ದರ್ಶನ. ಪ್ರೌಢವಾದ ಸಾಧನ ಬಳಸಿದವನು ಬರಿಗೈಯಲ್ಲಿ ಬಂದ. ಪ್ರಾಥಮಿಕ ಶಾಲೆಯ ಭಾಗಾಕಾರ ಬಳಸಿದವನು ತಿಳಿವಳಿಕೆಯನ್ನು ತಂದ. ಸಾಧನದ ಪ್ರೌಢಿಮೆಗಿಂತ ವಸ್ತುವಿನ ಸ್ವರೂಪವನ್ನು ಅರಿಯುವುದು ಮುಖ್ಯವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಕಾಗಿಲ್ಲ.

6

ಹಾಗಾದರೆ ನಮ್ಮ ದೇಶದಲ್ಲಿ ತೈಲದ ವಿಷಯವಾಗಿ ಪ್ರಾಕ್ಕಲ್ಪನೆಯ ಪರೀಕ್ಷೆಗೆ ಎಡೆಯೇ ಇಲ್ಲವೇ? ಧಾರಾಳವಾಗಿ ಇದೆ, ಅದು ಬೆಲೆಯಲ್ಲಿಲ್ಲ, ಬೆಲೆಯ ಸುತ್ತಮುತ್ತ ಇದೆ. ಲೀಟರಿನ ಬೆಲೆ ಶಾಸನದ ಮಾತಾದರೆ, ಕೊಟ್ಟ ಹಣಕ್ಕೆ ಎಷ್ಟು ಲೀಟರ್ ಬಿತ್ತು ಎಂಬುದು ಯಂತ್ರದ ಮತ್ತು ಮನುಷ್ಯನ ಮಾತು. ಗಿರಾಕಿ ಕೇಳಿದರೆ ಬಂಕಿನವರು 5 ಲೀಟರಿನ ಮುದ್ರೆಯೊತ್ತಿದ ಅಳತೆಪಾತ್ರೆಯಲ್ಲಿ ಹಿಡಿದು ತೋರಿಸಬೇಕು. ಒಂದು ಸಲ ಕೊಂಚ ಕಡಿಮೆ ಬಿದ್ದರೆ ಅದು ಕಾಕತಾಳೀಯವಿರಬಹುದು; ಬೇರೆ ಬೇರೆ ದಿನಗಳಲ್ಲಿ ಇಪ್ಪತ್ತು ಸಲ ಅಳೆದಾಗ ಸರಾಸರಿಯೇ ಕಡಿಮೆಯಾದರೆ? ಇದು ಗಾಸೆಟ್ ಎದುರಿಸಿದ ಪ್ರಶ್ನೆಯ ತದ್ರೂಪು. ಇಲ್ಲಿ ಟಿ-ಪರೀಕ್ಷೆಗೆ ಪ್ರಾಣವಿದೆ, ಮತ್ತು ಒಬ್ಬನನ್ನು ವಂಚಕನೆನ್ನುವ ಮೊದಲು ಅದನ್ನು ಮಾಡುವುದು ಧರ್ಮವೂ ಹೌದು.

ಇನ್ನೊಂದು ಪ್ರಶ್ನೆ ಮಹಾರಾಷ್ಟ್ರದಲ್ಲಿ ನೆಲೆಸಿರುವ ಕನ್ನಡಿಗರಿಗೆ ಹತ್ತಿರವಾದುದು. 2024ರ ಜೂನ್ 15ರಂದು ಕರ್ನಾಟಕ ಸರ್ಕಾರವು ಪೆಟ್ರೋಲಿನ ಮೇಲಿನ ಮಾರಾಟ ತೆರಿಗೆಯನ್ನು ಶೇಕಡಾ 25.92ರಿಂದ 29.84ಕ್ಕೂ ಡೀಸೆಲಿನ ಮೇಲಿನದನ್ನು ಶೇಕಡಾ 14.3ರಿಂದ 18.4ಕ್ಕೂ ಏರಿಸಿತು. ಬೆಂಗಳೂರಿನಲ್ಲಿ 99.84 ರೂಪಾಯಿಯಿದ್ದ ಪೆಟ್ರೋಲು ಸುಮಾರು 3 ರೂಪಾಯಿಯಷ್ಟು ಮೇಲೇರಿತು. ಬೆಲೆ ಏರಿತೇ ಎಂದು ಪರೀಕ್ಷಿಸುವುದು ವ್ಯರ್ಥ. ಆದರೆ ಕೊಲ್ಹಾಪುರದಿಂದ ನಿಪ್ಪಾಣಿಗೆ ಬರುವ ಹೆದ್ದಾರಿಯಲ್ಲಿ, ಗಡಿಯ ಈಚೆಗೂ ಆಚೆಗೂ ಇರುವ ಬಂಕುಗಳ ದಿನವಹಿ ಮಾರಾಟ ಆ ದಿನದ ಮುಂಚೆ ಎಷ್ಟಿತ್ತು, ಅನಂತರ ಎಷ್ಟಾಯಿತು? ಲಾರಿಯವರು ಟ್ಯಾಂಕ್ ತುಂಬಿಸುವ ಸ್ಥಳವನ್ನು ಬದಲಿಸಿದರೇ? ಮಾರಾಟವು ಸಂತೆಯ ದಿನ, ಮಳೆಯ ದಿನ, ಕಬ್ಬಿನ ಹಂಗಾಮು ಎಂದು ನೂರು ಕಾರಣಗಳಿಂದ ದಿನದಿನಕ್ಕೂ ಏರಿಳಿಯುತ್ತದೆ. ಆ ಏರಿಳಿತದ ಗದ್ದಲದಲ್ಲಿ ತೆರಿಗೆಯ ದನಿಯನ್ನು ಕೇಳಿಸಿಕೊಳ್ಳಬೇಕಾದರೆ ಪ್ರಾಕ್ಕಲ್ಪನೆಯ ಪರೀಕ್ಷೆಗಿಂತ ಉತ್ತಮ ಸಾಧನವಿಲ್ಲ. ಉತ್ತರದಿಂದ ಪ್ರಯೋಜನವೂ ಉಂಟು: ದರ ಏರಿಸಿದ ಸರ್ಕಾರಕ್ಕೆ ನಿರೀಕ್ಷಿಸಿದ ಆದಾಯ ಬಂದೀತೋ ಗಡಿಯಾಚೆ ಹರಿದುಹೋದೀತೋ ಎಂಬುದು ಅದರಿಂದ ತಿಳಿಯುತ್ತದೆ. ಬೆಲೆಯನ್ನು ಕಾರಣದ ಸ್ಥಾನದಲ್ಲಿಟ್ಟು ಜನರ ನಡತೆಯನ್ನು ಪರೀಕ್ಷಿಸುವುದು ನಮ್ಮ ನೆಲಕ್ಕೆ ಒಪ್ಪುವ ಅಭ್ಯಾಸ.

7

ಕೊನೆಯದಾಗಿ ಭಾಷೆಯ ವಿಷಯ. ಪರೀಕ್ಷೆಯಲ್ಲಿ ಶೂನ್ಯ ಪ್ರಾಕ್ಕಲ್ಪನೆ ಬಿದ್ದಾಗ ಇಂಗ್ಲಿಷಿನಲ್ಲಿ ವ್ಯತ್ಯಾಸವು ‘ಸಿಗ್ನಿಫಿಕೆಂಟ್’ ಎನ್ನುತ್ತಾರೆ. ಇದನ್ನು ಕನ್ನಡಕ್ಕೆ ತರುವವರು ಗಮನಾರ್ಹ, ಅರ್ಥಪೂರ್ಣ, ಮಹತ್ವದ ಎಂಬ ಮಾತುಗಳಲ್ಲಿ ಯಾವುದಾದರೊಂದನ್ನು ಬಳಸುವುದುಂಟು. ಮೂರೂ ಸುಂದರವಾದ ಮಾತುಗಳು. ಮೂರೂ ಇಲ್ಲಿ ದಾರಿ ತಪ್ಪಿಸುವಂಥವು. ಮ್ಯಾಸಚೂಸೆಟ್ಸಿನ ಒಂದು ಟ್ಯಾಂಕಿಗೆ 11 ಸೆಂಟುಗಳಷ್ಟೇ ಆಗಬಹುದಾದ ವ್ಯತ್ಯಾಸ ಗಮನಕ್ಕೆ ಅರ್ಹವೇ ಎಂಬುದನ್ನು ಪರೀಕ್ಷೆ ನಿರ್ಣಯಿಸಿಲ್ಲ. ದೆಹಲಿ-ಮುಂಬಯಿಗಳ ನಡುವಿನ 9.59 ರೂಪಾಯಿ ನಿಶ್ಚಯವಾಗಿಯೂ ಮಹತ್ವದ್ದು. ಆದರೆ ಅದನ್ನು ಪರೀಕ್ಷೆ ಕಂಡುಹಿಡಿದದ್ದಲ್ಲ. ಇಂಗ್ಲಿಷಿನಲ್ಲಿ ಆ ಮಾತಿನ ಎರಡು ಅರ್ಥಗಳು ಒಂದರೊಳಗೊಂದು ಸೇರಿಕೊಂಡು ಒಂದು ಶತಮಾನದ ಗೊಂದಲಕ್ಕೆ ಕಾರಣವಾದವು. ನಾವು ಹೊಸದಾಗಿ ಪರಿಭಾಷೆ ಕಟ್ಟುವಾಗ ಆ ಗೊಂದಲವನ್ನೂ ಆಮದು ಮಾಡಿಕೊಳ್ಳಬೇಕಾಗಿಲ್ಲ.

‘ಕಾಕತಾಳೀಯವೆನ್ನಲಾಗದ ವ್ಯತ್ಯಾಸ’ ಎಂದು ಹೇಳಿ ನೋಡಿ. ಮಾತು ಸ್ವಲ್ಪ ಉದ್ದವಾಯಿತು, ನಿಜ. ಆದರೆ ಪರೀಕ್ಷೆ ಹೇಳುವುದಿಷ್ಟೇ ಎಂಬುದು ಅದರಲ್ಲಿ ಪೂರ್ತಿಯಾಗಿ ಬಂದಿದೆ; ಹೇಳದಿರುವುದು ಯಾವುದೂ ಅದರೊಳಗೆ ನುಸುಳಿಲ್ಲ. ಅದಕ್ಕಿಂತ ಹೆಚ್ಚಿನ ಪ್ರಯೋಜನ ಇನ್ನೊಂದಿದೆ. ‘ದೆಹಲಿಯ ಬೆಲೆಗೂ ಮುಂಬಯಿಯ ಬೆಲೆಗೂ ಗಮನಾರ್ಹ ವ್ಯತ್ಯಾಸವಿದೆ’ ಎಂದರೆ ವಾಕ್ಯ ಗಂಭೀರವಾಗಿ ಕೇಳಿಸುತ್ತದೆ, ಓದುಗ ತಲೆದೂಗುತ್ತಾನೆ. ‘ದೆಹಲಿಯ ಬೆಲೆಗೂ ಮುಂಬಯಿಯ ಬೆಲೆಗೂ ಕಾಕತಾಳೀಯವೆನ್ನಲಾಗದ ವ್ಯತ್ಯಾಸವಿದೆ’ ಎಂದರೆ ಓದುಗನು ಕೂಡಲೆ ಕೇಳುತ್ತಾನೆ: ಕಾಕತಾಳೀಯವೆಂದು ಇಲ್ಲಿ ಹೇಳಿದವರು ಯಾರು? ಆ ಪ್ರಶ್ನೆಯನ್ನು ಎಬ್ಬಿಸಬಲ್ಲ ಮಾತೇ ಸರಿಯಾದ ಪಾರಿಭಾಷಿಕ ಶಬ್ದ.

ಹೊರನಾಡಿನಲ್ಲಿರುವ ನಾವು ಇಂಗ್ಲಿಷಿನಲ್ಲಿ ಲೆಕ್ಕ ಮಾಡಿ ಜೀವನ ಸಾಗಿಸುತ್ತೇವೆ. ಫಲಿತಾಂಶವನ್ನು ಮಾತ್ರ ಕನ್ನಡದಲ್ಲಿ ಹೇಳಲು ಹೊರಡುತ್ತೇವೆ. ಹಾಗೆ ಮಾಡುವಾಗ ಕನ್ನಡವು ಬರಿಯ ಹೊದಿಕೆಯಾಗುತ್ತದೆ. ಪ್ರಶ್ನೆಯನ್ನೇ ಕನ್ನಡದಲ್ಲಿ ಕೇಳಿಕೊಂಡರೆ ಅದು ಒರೆಗಲ್ಲಾಗಬಲ್ಲದು. ಪೆಟ್ರೋಲಿನ ಬೆಲೆಗಳನ್ನು ಪರೀಕ್ಷೆಗೆ ಒಡ್ಡುವ ಮೊದಲು, ಪಾತ್ರೆಯನ್ನು ಕಲಕಲಾಗಿದೆಯೇ, ಕಾಗೆ ನಿಜವಾಗಿಯೂ ಬಂದಿತ್ತೇ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವಂತೆ ವಿದ್ಯಾರ್ಥಿಯನ್ನು ತರಬೇತುಗೊಳಿಸಿದರೆ ಸಾಕು. ಆ ಮೇಲಿನ ಲೆಕ್ಕವನ್ನು ಯಂತ್ರ ಮಾಡಿಕೊಡುತ್ತದೆ. ಸಂಖ್ಯಾಶಾಸ್ತ್ರದ ಕನ್ನಡ ಪಠ್ಯಗಳನ್ನು ಬರೆಯುವವರು ತಮ್ಮ ಉದಾಹರಣೆಗಳನ್ನು ನಮ್ಮ ನೆಲದಿಂದಲೇ ಆರಿಸಿಕೊಳ್ಳಲಿ. ಆದರೆ ಆರಿಸುವ ಮುನ್ನ ಆ ನೆಲದಲ್ಲಿ ಆಕಸ್ಮಿಕವೆಷ್ಟು, ಶಾಸನವೆಷ್ಟು ಎಂಬುದನ್ನು ವಿಚಾರಿಸಲಿ.